ವಂದನೆಯಾಗದ ಯಂತ್ರ

ಗುಡ್ಡದ ಮೇಲೆ ಒಂದು ಊರು. ಆ ಊರಲ್ಲಿ ಯಾವುದಕ್ಕೆ ಒಮ್ಮೆ ವಂದನಾರ್ಪಣೆ ಆಯಿತೋ, ಅದರ ಬಗ್ಗೆ ಯಾರೂ ಮತ್ತೆ ಪ್ರಶ್ನೆ ಕೇಳುವಂತಿಲ್ಲ.

ನಗಬೇಡಿ. ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ.

ಊರಿನ ನಡುವೆ ಒಂದು ಸಭಾಂಗಣ. ಪ್ರತಿ ಗುರುವಾರ ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ ನಿವೃತ್ತರು ಅಲ್ಲಿ ಸೇರುತ್ತಾರೆ. ಅವರೆಲ್ಲ ಒಂದು ಕಾಲಕ್ಕೆ ದೊಡ್ಡ ದೊಡ್ಡ ವಿದ್ಯಾಲಯಗಳಲ್ಲಿ ಪಾಠ ಹೇಳಿದವರು. ಈಗ ಅವರಿಗೆ ಹೆಸರಿಲ್ಲ, ವಿಷಯ ಮಾತ್ರ ಇದೆ. ಭೂಗೋಳದವರು, ಗಣಿತದವರು, ರಸಾಯನದವರು, ಭೌತಶಾಸ್ತ್ರದ ಮೇಡಂ. ಪ್ರತಿ ವಾರ ಒಬ್ಬ ಅತಿಥಿ ಬರುತ್ತಾನೆ. ವಿಜ್ಞಾನದ ಬಗ್ಗೆಯೋ ತಂತ್ರಜ್ಞಾನದ ಬಗ್ಗೆಯೋ ಒಂದು ಗಂಟೆ ಮಾತಾಡುತ್ತಾನೆ. ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ, ಆಮೇಲೆ ಏಲಕ್ಕಿ ಹಾರ, ಆಮೇಲೆ ಶಾಲು, ಆಮೇಲೆ ಮಾತು. ಮಾತಿನ ಕೊನೆಗೆ ಅತಿಥಿ ಕೈಮುಗಿದು, "ಇಷ್ಟು ಹೇಳಿ ನನ್ನ ಎರಡು ಮಾತನ್ನು ಮುಗಿಸುತ್ತೇನೆ" ಅನ್ನಬೇಕು. ಅಂದ ಕೂಡಲೇ ಕಾರ್ಯದರ್ಶಿ ಎದ್ದು ವಂದನೆ ಅರ್ಪಿಸುತ್ತಾರೆ. ಅವತ್ತಿನ ವಿಷಯ ಬರೆದ ಮರದ ಹಲಗೆಯನ್ನು ಗೋಡೆಯ ಮೊಳೆಗೆ ನೇತು ಹಾಕುತ್ತಾರೆ. ಅಕ್ಷರ ಗೋಡೆಯ ಕಡೆಗೆ, ಬೆನ್ನು ಜನರ ಕಡೆಗೆ.

ಅಲ್ಲಿಗೆ ಆ ವಿಷಯ ಮುಗಿಯಿತು.

ಕಾಲದ ಬಗ್ಗೆ ಒಬ್ಬ ಅತಿಥಿ ಮಾತಾಡಿದ, ಗಡಿಯಾರದ ಗೋಪುರಕ್ಕೆ ವಂದನೆ ಆಯಿತು. ಮೂರು ವರ್ಷದ ಮೇಲೆ ಗಡಿಯಾರ ನಿಂತಿತು. ಯಾಕೆ ನಿಂತಿತು ಅಂತ ಕೇಳುವಂತಿಲ್ಲ, ವಂದನೆ ಆಗಿದೆ. ಬೆಳಕಿನ ಬಗ್ಗೆ ಒಬ್ಬ ಮಾತಾಡಿದ, ಬೀದಿದೀಪಕ್ಕೆ ವಂದನೆ ಆಯಿತು. ದೀಪ ಒಂದೊಂದಾಗಿ ಕೆಟ್ಟವು. ಜನ ಸಂಜೆ ಹೊತ್ತು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, "ನಮಸ್ಕಾರ, ನಮಸ್ಕಾರ" ಅಂತ ಕೈಮುಗಿದು ಮುಂದೆ ಹೋಗುತ್ತಾರೆ. ಹಳ್ಳದ ಸೇತುವೆಗೆ ವಂದನೆ ಆಗಿದೆ. ಅದರ ನಡುವೆ ಮೂರು ಮೊಳ ಬಾಯಿಬಿಟ್ಟಿದೆ. ಅಜ್ಜಿಯರು ಸೆರಗು ಸಿಕ್ಕಿಸಿ ಅದನ್ನು ಹಾರುತ್ತಾರೆ. ಯಾಕೆ ಹಾರಬೇಕು ಅಂತ ಒಬ್ಬರೂ ಕೇಳುವುದಿಲ್ಲ. ಈ ನಿಯಮ ಮಾಡಿದವರಾದರೂ ಯಾರು ಅಂದರೆ, ಗೋಡೆಯ ಮೊದಲನೇ ಹಲಗೆ ತೋರಿಸುತ್ತಾರೆ. ನಿಯಮಕ್ಕೇ ಎಲ್ಲಕ್ಕಿಂತ ಮೊದಲು ವಂದನೆ ಆಗಿಹೋಗಿದೆ.

ಇನ್ನು ನನ್ನ ವಿಷಯ. ನನ್ನ ಊರು ನದಿಯ ಆಚೆ ದಡದ ಹಳ್ಳಿ. ಗುಡ್ಡದ ಬುಡದಲ್ಲಿ, ನದಿಯ ಈಚೆ ದಡದಲ್ಲಿ, ನೀರೆತ್ತುವ ಯಂತ್ರ ಇದೆ. ಅದನ್ನು ಓಡಿಸುವವನು ನಾನು. ಹದಿನಾರನೇ ವಯಸ್ಸಿಗೆ ಅದನ್ನು ಪೂರ್ತಿ ಬಿಚ್ಚಿ ಜೋಡಿಸಿದೆ, ಒಂದು ವಾಷರ್ ಕೂಡ ಮಿಗಲಿಲ್ಲ. ಕಣ್ಣು ಕಟ್ಟಿ ಬಿಡಿ, ಯಾವ ನಟ್ಟು ಎಲ್ಲಿಯದು ಅಂತ ಮುಟ್ಟಿ ಹೇಳುತ್ತೇನೆ. ಗುಡ್ಡದ ಮೇಲೆ ಬಾವಿಯಿಲ್ಲ, ಕೆರೆಯಿಲ್ಲ. ಆ ಊರಿನ ಪ್ರತಿ ಲೋಟ ನೀರೂ ನನ್ನ ಕೈ ದಾಟಿಯೇ ಏರಬೇಕು. ಸಭೆಯ ಅಧ್ಯಕ್ಷರು ಕುಡಿಯುವ ಕಾಫಿಯಲ್ಲಿ ಮುಕ್ಕಾಲು ಪಾಲು ನಾನೇ. ಇದನ್ನು ಜಂಬ ಅನ್ನುವವರು ಅನ್ನಲಿ. ಒಂದು ದಿನ ನೀರು ಹೊತ್ತು ಗುಡ್ಡ ಹತ್ತಿ ಬಂದು ಆಮೇಲೆ ಅನ್ನಲಿ.

ಯಂತ್ರ ಕೆಲಸ ಮಾಡುವ ರೀತಿ ಇಷ್ಟೇ. ಎಂಜಿನ್ನು ಒಂದು ಉದ್ದನೆಯ ಚರ್ಮದ ಬೆಲ್ಟನ್ನು ಎಳೆಯುತ್ತದೆ. ಬೆಲ್ಟು ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಸಣ್ಣ ಚಕ್ರ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಸಣ್ಣದು ಏಳು ಸುತ್ತು ಬಂದರೆ ದೊಡ್ಡದು ಒಂದು ಸುತ್ತು. ದೊಡ್ಡದು ಒಂದು ಸುತ್ತು ಬಂದರೆ ಗುಡ್ಡಕ್ಕೆ ಎರಡು ಕೊಡ ನೀರು.

ಒಂದು ತಿಂಗಳಿಂದ ಅದು ಒಂದು ಸದ್ದು ಮಾಡುತ್ತಿತ್ತು. ಟೊಕ್. ಸುಮ್ಮನೆ ತಿರುಗುತ್ತಾ ತಿರುಗುತ್ತಾ, ಮತ್ತೆ ಟೊಕ್. ಎಣಿಸಿದೆ. ಸಣ್ಣ ಚಕ್ರದ ಏಳನೇ ಸುತ್ತಿಗೆ ಬಂತು. ಹಾಗಾದರೆ ದೊಡ್ಡ ಚಕ್ರದಲ್ಲಿ ಒಂದು ಹಲ್ಲು ಬಿರುಕು ಬಿಟ್ಟಿರಬೇಕು. ಅಂಥ ಚಕ್ರವನ್ನು ಎರಕ ಹೊಯ್ಯುವವರು ಈಗ ಯಾವ ಸೀಮೆಯಲ್ಲೂ ಇಲ್ಲ. ಅದು ಮುರಿದರೆ ಯಂತ್ರ ಸತ್ತಿತು, ಊರು ಒಣಗಿತು. ಒಂದೊಂದು ಹಲ್ಲನ್ನೂ ಉಗುರಿನಿಂದ ಗೀರಿ ನೋಡಿದೆ. ಬಿರುಕಿಲ್ಲ. ಆದರೂ ಟೊಕ್. ದಿನದಿಂದ ದಿನಕ್ಕೆ ಸದ್ದು ಜೋರಾಯಿತು. ನನಗೆ ತಿಳಿಯದ್ದು ಆ ಯಂತ್ರದಲ್ಲಿ ಇದೊಂದೇ, ಮತ್ತು ಇದನ್ನು ಯಾರ ಮುಂದೆಯೂ ಬಾಯಿಬಿಡಲು ನನ್ನ ಮೀಸೆ ಒಪ್ಪಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಕಾರ್ಯದರ್ಶಿ ಪಂಪ್‌ಹೌಸಿನ ಬಾಗಿಲಲ್ಲಿ ಬಂದು ನಿಂತರು.

"ತಾವು ಒಳಗಿದ್ದೀರಾ?" ಅಂದರು.

ನಾನು ಹಿಂತಿರುಗಿ ನೋಡಿದೆ, ನನ್ನ ಬೆನ್ನಹಿಂದೆ ಯಾರೋ ದೊಡ್ಡ ಮನುಷ್ಯರು ನಿಂತಿರಬೇಕು ಅಂತ. ಯಾರೂ ಇರಲಿಲ್ಲ. ಹಿಂದಿನ ವಾರದ ತನಕ "ಲೇ, ನೀರು ಬಿಡೋ" ಅನ್ನುತ್ತಿದ್ದ ಬಾಯಿ ಅದು.

"ಬರುವ ಗುರುವಾರ ತಾವೇ ನಮ್ಮ ಅತಿಥಿ. ವಿಷಯ, ನೀರು ಮೇಲೇರುವ ಬಗೆ."

"ನಾನು ಓದಿದ್ದು ಏಳನೇ ಕ್ಲಾಸು ಕಣ್ರೀ ಸಾರ್. ಅದೂ ಎರಡು ಸಲ."

"ಓದಿದವರೆಲ್ಲ ಮುಗಿದರು." ಅವರು ಬೆರಳು ಮಡಚುತ್ತಾ ಹೋದರು. "ಚಂದ್ರ ಆಯಿತು, ಗ್ರಹಣ ಆಯಿತು. ಅಯಸ್ಕಾಂತ, ಶಾಖ, ಶಬ್ದ, ತಂತಿ, ತರಂಗ. ಯೋಚಿಸುವ ಯಂತ್ರದ್ದು ಕೂಡ ಹೋದ ವಾರ ಆಯಿತು. ಊರಲ್ಲಿ ಇನ್ನು ಪ್ರಶ್ನೆ ಉಳಿದಿರುವುದು ನೀರಿನ ಬಗ್ಗೆ ಮಾತ್ರ. ಅದೊಂದು ಆಗಿಬಿಟ್ಟರೆ ನಮ್ಮ ಗೋಡೆ ಪೂರ್ತಿ. ಯಾವ ಅನುಮಾನವೂ ಇಲ್ಲದ ಮೊದಲನೇ ಊರು ನಮ್ಮದು."

ಬುದ್ಧಿಯಿದ್ದವನು ಅಲ್ಲೇ ಬೇಡ ಅನ್ನುತ್ತಿದ್ದ. ನಾನು ಕೇಳಿದ್ದು ಏನು ಗೊತ್ತೇ?

"ಶಾಲು ಯಾವ ಬಣ್ಣದ್ದು ಸಾರ್?"

"ಕೆಂಪು. ಜರಿ ಅಂಚು."

"ಬರ್ತೀನಿ."

ನಾಲ್ಕು ದಿನ ನದಿಯ ಮುಂದೆ ನಿಂತು ಭಾಷಣ ಮಾಡಿದೆ. ಕೊಕ್ಕರೆಗಳೆಲ್ಲ ಕೇಳಿಸಿಕೊಂಡವು. ಐದನೇ ದಿನ ಗಡಿಯಾರದ ತಾತ ಬಟ್ಟೆ ಒಗೆಯಲು ನದಿಗೆ ಇಳಿದು ಬಂದ. ಗೋಪುರದ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವನು ಅವನೇ. ಬೀಗದಷ್ಟು ದಪ್ಪದ ಆ ಕೀಲಿ ಈಗಲೂ ಅವನ ಕೊರಳಲ್ಲಿ ನೇತಾಡುತ್ತದೆ.

"ಲೋ, ನಿಂಗೂ ಬಂತೇನೋ ಕರೆ?"

"ಬರದೆ ಇರುತ್ತಾ ತಾತ? ನನ್ನ ಬಿಟ್ಟರೆ ಇನ್ಯಾರವ್ರೆ?"

"ನಾನೂ ಹಿಂಗೇ ಅಂದಿದ್ದೆ." ಅವನು ಪಂಚೆಯನ್ನು ಕಲ್ಲಿಗೆ ಬಡಿದ. "ನನಗೂ ಶಾಲು ಹೊದಿಸಿದ್ರು. ಹುಂಜದ ಥರ ಎದೆ ಉಬ್ಬಿಸ್ಕೊಂಡು ಇಳಿದು ಬಂದೆ. ಮೂರು ವರ್ಷಕ್ಕೆ ಗಡಿಯಾರ ನಿಂತಿತು. ಏನಾಯ್ತೋ ನೋಡೋಣ ಅಂತ ಅದರ ಬಾಗಿಲಿಗೆ ಕೈ ಹಾಕಿದೆ. ತೆಗೆಯೋ ಹಾಗಿಲ್ಲ ಅಂದ್ರು. ತೆಗೆದು ನೋಡೋದೂ ಪ್ರಶ್ನೆನೇ ಅಂತೆ. ಒಂದು ಚೂರು ಧೂಳು ಕೂತಿತ್ತೋ ಏನೋ ಕಣೋ. ಊದಿದ್ರೆ ಹೋಗ್ತಿತ್ತೋ ಏನೋ."

ಅಷ್ಟರಲ್ಲಿ ಪಂಪ್‌ಹೌಸಿನೊಳಗಿಂದ ಟೊಕ್ ಅಂತು. ತಾತನ ಕೈ ನಿಂತಿತು.

"ಅದೇನೋ ಸದ್ದು?"

"ಏನಿಲ್ಲ ತಾತ. ಹಂಗೇ ಅದು."

ಅವನು ನನ್ನ ಮುಖವನ್ನೇ ನೋಡಿದ. ಗಡಿಯಾರದವನು, ಸದ್ದು ಬಲ್ಲವನು. "ಗುರುವಾರ ಆದ್ಮೇಲೆ ನೀನು ಅದನ್ನ ಬಿಚ್ಚೋ ಹಾಗಿಲ್ಲ, ನೆನಪಿಟ್ಕೋ. ಆ ಸದ್ದು ಏನು ಅಂತ ನಿನ್ನನ್ನ ನೀನೇ ಕೇಳ್ಕೊಳ್ಳೋ ಹಾಗೂ ಇಲ್ಲ."

ಶಾಲಿನ ಬಣ್ಣ ಕೇಳಿದವನಿಗೆ ಇದು ಹೊಳೆದೇ ಇರಲಿಲ್ಲ. "ಹೋಗದೆ ಇದ್ರೆ?"

"ಬರ್ತೀನಿ ಅಂದಿದ್ದೀಯ. ಬರದಿದ್ರೆ ಇನ್ನೊಬ್ಬನ ಕರೀತಾರೆ, ಅವನು ಮುಗಿಸ್ತಾನೆ. ಒಂದು ಮಾತು ಕೇಳು. 'ಮುಗಿಸುತ್ತೇನೆ' ಅನ್ನೋದನ್ನ ಅತಿಥಿಯೇ ಹೇಳಬೇಕು, ಅವನ ಪರವಾಗಿ ಅವರು ಹೇಳೋ ಹಾಗಿಲ್ಲ. ಅದನ್ನ ಮಾತ್ರ ಹೇಳಬೇಡ."

"ಹೇಳದಿದ್ರೆ ಏನಾಗುತ್ತೆ?"

"ಹೇಳದೆ ಇದ್ದೋರು ಯಾರೂ ಇಲ್ಲ. ಏನಾಗುತ್ತೆ ಅಂತ ನಂಗೇನು ಗೊತ್ತು?"

ಗುರುವಾರ ಬಂತು. ಯಂತ್ರ ನಿಲ್ಲಿಸಿ, ಕೈ ತೊಳೆದು, ಗುಡ್ಡ ಹತ್ತಿದೆ. ಯಂತ್ರ ನಿಂತರೆ ಊರಿಗೆ ನೀರು ನಿಂತಿತು, ಓಡಿಸುವವನು ಇನ್ನೊಬ್ಬನಿಲ್ಲ.

ಸಭಾಂಗಣದ ಗೋಡೆಯ ತುಂಬ ಹಲಗೆಗಳ ಬೆನ್ನು. ಒಂದೇ ಒಂದು ಮೊಳೆ ಖಾಲಿ. ನಿವೃತ್ತರು ಬಿಳಿ ಬಿಳಿ ಬಟ್ಟೆಯಲ್ಲಿ ಸಾಲಾಗಿ ಕೂತಿದ್ದರು. ಕೊನೆಯ ಸಾಲಿನ ಕಿಟಕಿಯ ಪಕ್ಕ ಭೌತಶಾಸ್ತ್ರದ ಮೇಡಂ. ಅವರು ಹನ್ನೊಂದು ವರ್ಷದಿಂದ ಈ ಸಭೆಯಲ್ಲಿ ತುಟಿ ತೆರೆದಿಲ್ಲವಂತೆ. ಅವರ ವಿಷಯವೆಲ್ಲ ಒಂದೊಂದಾಗಿ ಗೋಡೆಗೆ ತಿರುಗಿತ್ತು. ಬೆಳಕಿಗೆ ವಂದನೆ ಆದ ದಿನ, ಚೀಲದಲ್ಲಿ ಸದಾ ಇಟ್ಟುಕೊಂಡಿರುತ್ತಿದ್ದ ಮೂರು ಮೂಲೆಯ ಗಾಜನ್ನು ಆ ಕಿಟಕಿಯ ಮೇಲೇ ಬಿಟ್ಟು ಹೋದರಂತೆ. ಅದು ಅಲ್ಲೇ ಇತ್ತು. ಅದರಿಂದ ಅವರ ಬಿಳಿ ಸೀರೆಯ ಮೇಲೆ ಏಳು ಬಣ್ಣ ಬಿದ್ದಿತ್ತು. ಯಾರೂ ಅದನ್ನು ನೋಡುತ್ತಿರಲಿಲ್ಲ.

ಅಧ್ಯಕ್ಷರು ಬಾಗಿಲು ಹಾಕಿ ಅಗುಳಿ ಸೇರಿಸಿದರು. ವಂದನೆಯಾಗಿ ಹಲಗೆ ತಿರುಗುವ ತನಕ ಆ ಬಾಗಿಲು ತೆರೆಯುವಂತಿಲ್ಲ. ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ಹಾರ ಆಯಿತು. ಶಾಲು ಆಯಿತು. ಶಾಲು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಮಾತಾಡಿದೆ. ಆ ಗೋಡೆಗಳು ಅಂಥ ಮಾತು ಕೇಳಿರಲಿಕ್ಕಿಲ್ಲ. ಹದಿನಾರನೇ ವಯಸ್ಸಿಗೆ ಯಂತ್ರ ಬಿಚ್ಚಿದ್ದು ಹೇಳಿದೆ. ಹೊಳೆ ಉಕ್ಕಿದ ವರ್ಷ ಕುತ್ತಿಗೆ ತನಕ ನೀರಲ್ಲಿ ನಿಂತು ವಾಲ್ವು ಹಿಡಿದದ್ದು ಹೇಳಿದೆ. ನೀರಿಗೆ ಕೆಳಗೆ ಹೋಗುವುದೇ ಅಭ್ಯಾಸ, ಅದನ್ನು ಮೇಲೆ ಹೋಗು ಅಂತ ಒಪ್ಪಿಸಬೇಕಾದರೆ ಗಂಡೆದೆ ಬೇಕು ಅಂದೆ. ನಿವೃತ್ತರು ತಲೆದೂಗಿದರು. ಇಬ್ಬರು ನಿದ್ದೆಯಲ್ಲೇ ತಲೆದೂಗಿದರು.

ಆಮೇಲೆ ಸಂವಾದ. ಭೂಗೋಳದವರು ಎದ್ದರು. "ಪ್ರಶ್ನೆಯಲ್ಲ, ಒಂದು ಅನಿಸಿಕೆ" ಅಂದರು. ಅಂದು, ಜಗತ್ತಿನ ನದಿಗಳನ್ನೆಲ್ಲ ಒಂದೊಂದಾಗಿ ಸಮುದ್ರ ಸೇರಿಸಿ ಕೂತರು. ರಸಾಯನದವರು ಎದ್ದು, "ನನ್ನದೂ ಪ್ರಶ್ನೆಯಲ್ಲ" ಅಂದರು. ಗಣಿತದವರು ಎದ್ದು, ತಾವು ಚಿಕ್ಕಂದಿನಲ್ಲಿ ಕಂಡ ಒಂದು ಚಕ್ರವನ್ನು ನೆನೆಸಿಕೊಂಡು ಕೂತರು. ಅಲ್ಲಿ ಪ್ರಶ್ನೆ ಅನ್ನುವುದು ಯಾರೂ ಹೊತ್ತಿಸದ ದೀಪ.

"ಬಹಳ ಸಂತೋಷ," ಅಂದರು ಅಧ್ಯಕ್ಷರು. "ಇನ್ನು ತಾವು ಮುಗಿಸಬಹುದು."

ಕಾರ್ಯದರ್ಶಿ ಹಲಗೆ ಹಿಡಿದು ಖಾಲಿ ಮೊಳೆಯ ಹತ್ತಿರ ನಿಂತಾಗಿತ್ತು.

"ಮುಗಿದಿಲ್ಲ ಸಾರ್," ಅಂದೆ.

"ಹಾಗಾದರೆ ಇನ್ನೊಂದೆರಡು ನಿಮಿಷ ಮುಂದುವರಿಸಿ."

"ಎರಡು ನಿಮಿಷಕ್ಕೂ ಮುಗಿಯೋದಲ್ಲ." ನಾನು ಬೆರಳ ಗೆಣ್ಣಿನಿಂದ ಮೇಜಿಗೆ ಬಡಿದೆ. ಟೊಕ್. ಬೆರಳನ್ನು ಗಾಳಿಯಲ್ಲಿ ಏಳು ಸುತ್ತು ತಿರುಗಿಸಿದೆ. ಟೊಕ್. "ನಿಮಗೆ ನೀರು ಕೊಡೋ ಯಂತ್ರ ಒಂದು ತಿಂಗಳಿಂದ ಹೀಗೆ ಅಂತಿದೆ. ಯಾಕೆ ಅಂತ ನನಗೆ ಗೊತ್ತಿಲ್ಲ."

ಗೊತ್ತಿಲ್ಲ ಅನ್ನುವ ಮಾತನ್ನು ಆ ವೇದಿಕೆಯ ಮೇಲೆ ಯಾರೂ ಆಡಿರಲಿಲ್ಲ. ರಸಾಯನದವರು ಕಿವಿಯ ಮಿಷನ್ನು ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ನನಗೂ ಆ ಮಾತು ಗಂಟಲಿನಿಂದ ಮೀನಿನ ಮುಳ್ಳು ಕಿತ್ತ ಹಾಗೆ ಬಂತು.

"ಗೊತ್ತಿಲ್ಲದ್ದನ್ನು ಇಲ್ಲಿ ಹೇಳುವ ಪದ್ಧತಿ ಇಲ್ಲ," ಅಂದರು ಅಧ್ಯಕ್ಷರು.

"ಪದ್ಧತಿ ಗೊತ್ತಿದ್ದಿದ್ರೆ ನಾನೂ ನಿವೃತ್ತನಾಗಿರ್ತಿದ್ದೆ ಸಾರ್."

"ಮುಗಿಸಿ."

"ಮುಗಿಸಲ್ಲ."

"ಮುಗಿಸಪ್ಪಾ." 'ತಾವು' ಹೋಗಿ 'ಅಪ್ಪಾ' ಬಂದಿತ್ತು.

"ಮುಗಿಸಲ್ಲ ಅಂದ್ರೆ ಮುಗಿಸಲ್ಲ. ಯಂತ್ರಕ್ಕೆ ವಂದನೆ ಆದರೆ ನಾನು ಅದನ್ನು ಬಿಚ್ಚೋ ಹಾಗಿಲ್ಲ. ಬಿಚ್ಚದಿದ್ರೆ ಅದು ಮುರಿಯುತ್ತೆ. ಮುರಿದ ಮೇಲೆ ನೀವೆಲ್ಲ ಒಣಗಿದ ನಲ್ಲಿಯ ಮುಂದೆ ಕೊಡ ಇಟ್ಟು ಕೈಮುಗಿದು ನಿಂತಿರ್ತೀರಿ. ಯಾಕೆ ಬರ್ತಿಲ್ಲ ಅಂತ ಬಾಯಿ ಬಿಡೋ ಗಂಡಸು ಒಬ್ಬನೂ ಇರಲ್ಲ."

ಕೆಂಪು ಶಾಲನ್ನು ಮಡಚಿ ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲೇ ಹತ್ತಿ ಕೂತೆ. ಕಾಲು ಇಳಿಬಿಟ್ಟುಕೊಂಡು. ಅಂಥ ಮೇಜಿನ ಮೇಲೆ.

ಹೊತ್ತು ಹೋಯಿತು. ಕಿಟಕಿಯ ಬಿಸಿಲು ಮೂರನೇ ಸಾಲಿನಿಂದ ಎರಡನೇ ಸಾಲಿಗೆ ಬಂತು. ಯಾರೋ ಹೂಜಿ ಬಗ್ಗಿಸಿದರು, ಎರಡು ಹನಿ ಬಿತ್ತು. ಒಣಗಿದ ಕೆಮ್ಮು ಒಂದು ಗಂಟಲಿಂದ ಇನ್ನೊಂದು ಗಂಟಲಿಗೆ ಹಾರಿತು. ಬಾಗಿಲು ತೆರೆಯುವಂತಿಲ್ಲ. ನಾನು ಮುಗಿಸುವುದಿಲ್ಲ. ಬಾಗಿಲು ತೆರೆಯುವಂತಿಲ್ಲ. ನಾನು ಮುಗಿಸುವುದಿಲ್ಲ.

"ನಿನಗೆ ಬಾಯಾರಿಕೆ ಇಲ್ಲವೇ?" ಅಂದರು ಅಧ್ಯಕ್ಷರು, ನಾಲಿಗೆ ಸವರಿಕೊಂಡು.

"ಇದೆ ಸಾರ್. ಆದರೆ ನಂದು ಹಳ್ಳಿ ಗಂಟಲು, ತಡೀತದೆ. ನಿಮ್ಮದು ನೋಡ್ಕೊಳ್ಳಿ."

ಆಗ ಕೊನೆಯ ಸಾಲಿನಿಂದ ಒಂದು ದನಿ. ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆ ತೆಗೆದಂಥ ದನಿ.

"ಏಳನೇ ಸುತ್ತಿಗಾ, ಎಂಟನೇ ಸುತ್ತಿಗಾ?"

ಎಲ್ಲ ಬಿಳಿ ತಲೆಗಳೂ ತಿರುಗಿದವು. ಭೌತಶಾಸ್ತ್ರದ ಮೇಡಂ ಎದ್ದು ನಿಂತಿದ್ದರು.

"ಮೇಡಂ," ಅಂದರು ಅಧ್ಯಕ್ಷರು ಮೆಲ್ಲಗೆ, "ಅನಿಸಿಕೆ ಅನ್ನಿ."

"ಅನಿಸಿಕೆ ಅಲ್ಲ. ಪ್ರಶ್ನೆ."

"ಶಬ್ದಕ್ಕೆ ವಂದನೆ ಆಗಿದೆ."

"ನಾನು ಶಬ್ದದ ಬಗ್ಗೆ ಕೇಳ್ತಿಲ್ಲ. ಎಣಿಕೆ ಕೇಳ್ತಿದ್ದೀನಿ."

ಕಾರ್ಯದರ್ಶಿ ಗೋಡೆಯ ಕಡೆ ನೋಡಿದರು. ಗಣಿತದವರು ಕೂತಲ್ಲಿಂದಲೇ, "ಎಣಿಕೆಗೆ ಇನ್ನೂ ಆಗಿಲ್ಲ. ನಾನು ಬಿಟ್ಟಿಲ್ಲ," ಅಂದರು. ಅವರ ಮುಖದಲ್ಲಿ ಕಳ್ಳ ಸಂತೋಷ ಇತ್ತು.

"ಏಳು," ಅಂದೆ ನಾನು, ಎದೆ ತಟ್ಟಿ. "ಕಣ್ಣು ಮುಚ್ಚಿ ಹೇಳ್ತೀನಿ ಮೇಡಂ, ಏಳು."

"ಪ್ರತಿ ಸಲವೂ ಏಳಾ?"

ಒಂದು ಸಲ ಎಣಿಸಿದ್ದೆ. ಏಳು ಬಂದ ಕೂಡಲೇ, ನನಗೆ ಗೊತ್ತಾಗದ್ದು ಉಂಟೇ ಅಂತ ಎಣಿಕೆ ನಿಲ್ಲಿಸಿದ್ದೆ. ಅಲ್ಲಿಂದ ಒಂದು ತಿಂಗಳು ದೊಡ್ಡ ಚಕ್ರದ ಹಲ್ಲುಗಳನ್ನೇ ಗೀರುತ್ತಾ ಕೂತಿದ್ದೆ.

"ಒಂದು ಸಲ ಎಣಿಸಿದೆ ಮೇಡಂ."

"ಒಂದು ಸಲ."

"ಹೂಂ. ಏಳು ಬಂತು, ದೊಡ್ಡ ಚಕ್ರದ ಹಲ್ಲು ಬಿರುಕು ಬಿಟ್ಟಿದೆ ಅಂದ್ಕೊಂಡೆ."

"ಪ್ರತಿ ಸಲ ಏಳೇ ಬಂದರೆ ನೀನು ಅಂದುಕೊಂಡದ್ದು ಸರಿಯಿರಬಹುದು, ದೊಡ್ಡ ಚಕ್ರದ ಹಲ್ಲೇ ಇರಬಹುದು. ಒಂದು ಸಲ ಏಳು, ಇನ್ನೊಂದು ಸಲ ಎಂಟು ಬಂದರೆ ಚಕ್ರದ್ದಲ್ಲವೇ ಅಲ್ಲ, ಬೇರೆ ಯಾವುದೋ. ಎಣಿಸದೆ ಹೇಗೆ ಹೇಳ್ತೀಯಪ್ಪ?"

ಏಳನೇ ಕ್ಲಾಸಿನಲ್ಲಿ ಎರಡು ವರ್ಷವೂ ನನಗೆ ಅಷ್ಟು ನಾಚಿಕೆ ಆಗಿರಲಿಲ್ಲ. ಆದರೆ ಅಷ್ಟು ಹುರುಪೂ ಬಂದಿರಲಿಲ್ಲ. ಮೇಜಿನಿಂದ ಕೆಳಗೆ ಹಾರಿದೆ. "ಬಾಗಿಲು ತೆಗೀರಿ ಸಾರ್. ಈಗಲೇ ಹೋಗಿ ಎಣಿಸ್ತೀನಿ."

ಅಧ್ಯಕ್ಷರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಕೆಟ್ಟವರಲ್ಲ ಅವರು. "ಒಂದು ಹಲಗೆ ತಿರುಗದೆ ಈ ಬಾಗಿಲು ತೆರೆಯುವುದಿಲ್ಲ. ಅತಿಥಿ ಯಾವ ವಿಷಯ ಮಾತಾಡಿದ್ದಾನೋ ಆ ವಿಷಯದ ಹಲಗೆ. ಇವತ್ತು ಬಿಟ್ಟರೆ ನಾಳೆ ಎಲ್ಲ ಹಲಗೆಗಳೂ ಈಚೆ ತಿರುಗುತ್ತವೆ. ನಾವು ಇಷ್ಟು ಜನ, ಇಷ್ಟು ವಯಸ್ಸಿಗೆ, ಮತ್ತೆ ಮೊದಲಿಂದ ಶುರು ಮಾಡಬೇಕೇ?"

ಆಗ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. ಅವರದು ಒಂದು ಅಭ್ಯಾಸ, ಅತಿಥಿ ಯಾವ ಮಾತನ್ನು ಎಷ್ಟು ಸಲ ಆಡಿದ ಅಂತ ಗೀಟು ಎಳೆಯುತ್ತಾ ಕೂರುವುದು.

"ವಿಷಯ ಅಂದರೆ..." ಅಂದರು. "ಅತಿಥಿಗಳು ಒಂದು ಗಂಟೆಯಲ್ಲಿ 'ನೀರು' ಅಂದದ್ದು ಒಂಬತ್ತು ಸಲ. 'ನಾನು' ಅಂದದ್ದು ಇನ್ನೂರ ಹದಿನಾಲ್ಕು ಸಲ."

ಸಭೆ ಗೊಳ್ಳೆಂದಿತು. ನಿದ್ದೆಯಲ್ಲಿದ್ದವರೂ ಎದ್ದು ನಕ್ಕರು. ನನ್ನ ಕಿವಿ ಕೆಂಪಾಯಿತು. ಆದರೆ ಅದೇ ಹೊತ್ತಿಗೆ ತಲೆಯೊಳಗೆ ಏನೋ ಹಲ್ಲಿಗೆ ಹಲ್ಲು ಕೂತ ಹಾಗಾಯಿತು.

"ಹಾಗಾದರೆ ನನ್ನ ಹೆಸರು ಬರೀರಿ," ಅಂದೆ.

"ಎಲ್ಲಿ?"

"ಹಲಗೆ ಮೇಲೆ. ನಾನು ಮಾತಾಡಿದ್ದು ನನ್ನ ಬಗ್ಗೆ ತಾನೆ? ನನಗೇ ವಂದನೆ ಮಾಡಿ. ಯಂತ್ರದ ತಂಟೆಗೆ ಬರಬೇಡಿ."

ನಗು ನಿಂತುಹೋಯಿತು. ಮೇಡಂ ಸಾಲುಗಳ ನಡುವೆ ನಡೆದು ಬಂದು ನನ್ನ ಮುಂದೆ ನಿಂತರು. "ಯೋಚನೆ ಮಾಡಿದ್ದೀಯಾ? ಇನ್ನು ಈ ಊರಲ್ಲಿ ನಿನ್ನ ಬಗ್ಗೆ ಯಾರೂ ಏನೂ ಕೇಳುವ ಹಾಗಿಲ್ಲ. ನೀನು ಯಾರು, ಏನು ಮಾಡಿದೆ, ಹೇಗೆ ಮಾಡಿದೆ, ಒಂದನ್ನೂ."

ಯೋಚನೆ ಮಾಡಿದ್ದೆ. ನನ್ನಂಥವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಯಾರಾದರೂ ಕೇಳಲಿ ಅಂತಲೇ ಬದುಕಿದವನು ನಾನು. ಕೇಳದಿದ್ದರೂ ಹೇಳುತ್ತಿದ್ದವನು. ಇನ್ನು ನಾನು ಹೇಳಿದರೂ, ಅವರಾಗಿ ಕೇಳಿ ಹೇಳಿಸಿಕೊಂಡರು ಅನ್ನುವ ಸುಖ ನನಗಿಲ್ಲ. ಬೇರೆಯವನಾದರೆ ಅಳುತ್ತಿದ್ದ. ನಾನು ಶಾಲು ಬಿಡಿಸಿ ಮತ್ತೆ ಹೆಗಲಿಗೆ ಹಾಕಿಕೊಂಡೆ, ಕೈಮುಗಿದೆ, ಎಲ್ಲ ಗೋಡೆಗೂ ಕೇಳುವ ಹಾಗೆ ಹೇಳಿದೆ.

"ಇಷ್ಟು ಹೇಳಿ, ನನ್ನ ಬಗೆಗಿನ ನನ್ನ ಇನ್ನೂರ ಹದಿನಾಲ್ಕು ಮಾತನ್ನು ಮುಗಿಸುತ್ತೇನೆ."

ಕಾರ್ಯದರ್ಶಿ ವಂದನೆ ಅರ್ಪಿಸಿದರು. ನನ್ನ ತಂದೆತಾಯಿಗೆ ಅರ್ಪಿಸಿದರು, ನನ್ನ ಊರಿಗೆ ಅರ್ಪಿಸಿದರು, ಕುರ್ಚಿ ಜೋಡಿಸಿದವರಿಗೆ ಅರ್ಪಿಸಿದರು. ನನ್ನ ಹೆಸರು ಬರೆದ ಹಲಗೆ ಕೊನೆಯ ಮೊಳೆಗೆ ಏರಿತು. ಅಕ್ಷರ ಗೋಡೆಯ ಕಡೆಗೆ. ಅಗುಳಿ ಸರಿಯಿತು. ಬೆಳಕು ಒಳಗೆ ಬಂತು.

ನಾನು ಗುಡ್ಡ ಇಳಿದೆ. ಎದುರಿಗೆ ಬಂದವರು ನನ್ನನ್ನು ನೋಡಿ ಕೈಮುಗಿದರು, ನಿಂತುಹೋದ ಗಡಿಯಾರಕ್ಕೆ ಮುಗಿಯುವ ಹಾಗೆ. ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ, ಒಬ್ಬರೂ ಅನ್ನಲಿಲ್ಲ. ಸೇತುವೆಯ ಬಾಯನ್ನು ಹಾರುವಾಗ ಜಾರಿ ಮಂಡಿ ತರಚಿತು, ರಕ್ತ ಬಂತು. ಅಲ್ಲೇ ನಿಂತಿದ್ದ ಒಬ್ಬಾಕೆಯ ಬಾಯಿ ತೆರೆಯಿತು, ತುಟಿಯ ತನಕ ಬಂದ ಮಾತು ಹಿಂದಕ್ಕೆ ಹೋಯಿತು. ಆಕೆಯ ಕಣ್ಣು ಮಾತ್ರ ನನ್ನ ಮಂಡಿಯ ಮೇಲೆ ಇತ್ತು. ನಾನು ಶಾಲು ಸರಿಮಾಡಿಕೊಂಡು ಮುಂದೆ ನಡೆದೆ. ಕೇಳದಿದ್ದರೆ ಬೇಡ. ನಡೆಯುವುದು ನನ್ನ ಕಾಲು.

ಮರುದಿನ ಬೆಳಿಗ್ಗೆ ಯಂತ್ರ ಶುರು ಮಾಡಿ ಎಣಿಸಲು ಕೂತೆ. ಆಗ ಮೇಡಂ ಬಂದರು. ಬಿಳಿ ಸೀರೆ ಎತ್ತಿ ಕಟ್ಟಿದ್ದರು, ಕೈಯಲ್ಲಿ ಒಂದು ಬುತ್ತಿ ಡಬ್ಬಿ. ಅವರ ಹಿಂದೆ ಎರಡು ಮಾರು ದೂರದಲ್ಲಿ ಗಣಿತದವರು, ಅವರ ಹಿಂದೆ ಕೀಲಿ ನೇತಾಡಿಸಿಕೊಂಡು ಗಡಿಯಾರದ ತಾತ. ಗುಡ್ಡದ ಅಂಚಿನಲ್ಲಿ ಕಾರ್ಯದರ್ಶಿ ನಿಂತು ಯಾರು ಏನು ಕೇಳುತ್ತಾರೆ ಅಂತ ಕಿವಿ ಕೊಟ್ಟಿದ್ದರು.

ಮೇಡಂ ನನ್ನ ಕಡೆ ನೋಡಲಿಲ್ಲ. ನೇರವಾಗಿ ಯಂತ್ರದ ಹತ್ತಿರ ಹೋಗಿ, ಸಣ್ಣ ಚಕ್ರದ ಅಂಚಿಗೆ ಸುಣ್ಣದಿಂದ ಒಂದು ಬೊಟ್ಟು ಇಟ್ಟರು. ಬೊಟ್ಟು ಸುತ್ತಿತು. ಎಲ್ಲರೂ ಒಟ್ಟಿಗೆ ಎಣಿಸಿದೆವು, ಬಾಯಿಬಿಟ್ಟು, ಒಂದನೇ ಕ್ಲಾಸಿನವರ ಹಾಗೆ.

ಟೊಕ್. ಏಳು.

ಟೊಕ್. ಎಂಟು.

ಟೊಕ್. ಏಳು.

ಟೊಕ್. ಎಂಟು.

"ಏಳೂವರೆ!" ಅಂತ ಕೂಗಿದರು ಗಣಿತದವರು. ಆ ವಯಸ್ಸಿಗೆ ಅವರು ನೆಲದಿಂದ ಅರ್ಧ ಅಡಿ ಎಗರಿದ್ದನ್ನು ನಾನು ಕಣ್ಣಾರೆ ಕಂಡೆ. "ಏಳೂವರೆ ಸುತ್ತಿಗೆ ಒಂದು ಸಲ!"

ಮೇಡಂ ಯಂತ್ರವನ್ನು ಕೇಳಿದರು, "ಸಣ್ಣ ಚಕ್ರ ಏಳೂವರೆ ಸುತ್ತು ಬರುವಷ್ಟರಲ್ಲಿ ಒಂದೇ ಒಂದು ಸಲ ಹಾದು ಹೋಗುವುದು ನಿನ್ನಲ್ಲಿ ಏನಿದೆಯೇ ತಾಯಿ?"

ಯಂತ್ರ ಹೇಳಲಿಲ್ಲ. ನನಗೆ ಕಂಡಿತು. ಬೆಲ್ಟು! ಆ ಉದ್ದನೆಯ ಬೆಲ್ಟು ಪೂರ್ತಿ ಒಂದು ಸಲ ಬರುವಷ್ಟರಲ್ಲಿ ಸಣ್ಣ ಚಕ್ರ ಏಳೂವರೆ ಸುತ್ತು ತಿರುಗುತ್ತದೆ. ಎಂಜಿನ್ನು ನಿಲ್ಲಿಸಿದೆ. ಬೆಲ್ಟಿನ ಎರಡು ತುದಿ ಸೇರಿಸಿದ ಹೊಲಿಗೆಯನ್ನು ಕೈಗೆ ತೆಗೆದುಕೊಂಡೆ. ಆರು ಎಳೆಯ ಹೊಲಿಗೆ. ನಾಲ್ಕು ಎಳೆ ಹರಿದು, ಬಾಯಿ ಬಿರಿದು, ಚಕ್ರದ ಮೇಲೆ ಹಾಯುವಾಗಲೆಲ್ಲ ಅದೇ ಬಡಿಯುತ್ತಿತ್ತು. ಇನ್ನೆರಡು ಎಳೆ ಹರಿದಿದ್ದರೆ ಬೆಲ್ಟು ಹಾವಿನ ಹಾಗೆ ಎದ್ದು ನನ್ನ ಮುಖಕ್ಕೇ ಹೊಡೆಯುತ್ತಿತ್ತು. ದೊಡ್ಡ ಚಕ್ರದ ಒಂದು ಹಲ್ಲಿಗೂ ಏನೂ ಆಗಿರಲಿಲ್ಲ.

ತಾತ ಒಂದು ತುದಿ ಹಿಡಿದ, ಗಣಿತದವರು ಇನ್ನೊಂದು ತುದಿ ಹಿಡಿದರು. ನಾನು ದಬ್ಬಣ ಚುಚ್ಚಿದೆ, ಮೇಡಂ ದಾರ ಎಳೆದರು. ಆರು ಎಳೆ ಸಾಕು ಅಂದೆ. ಎಂಟು ಹಾಕು ಅಂದರು ಮೇಡಂ. ಎಂಟು ಹಾಕಿದೆ. ಯಂತ್ರ ಓಡಿತು, ಗುಡ್ಡದ ಕೊಳವೆಯಲ್ಲಿ ನೀರು ಏರುವ ಗುಡುಗುಡು ಕೇಳಿಸಿತು. ಟೊಕ್ ಇಲ್ಲ. ಮೇಲೆ ನಿಂತ ಕಾರ್ಯದರ್ಶಿಯ ಕಡೆ ತಿರುಗಿ ಕೈ ಎತ್ತಿ ಕೂಗಿದೆ, "ನೋಡ್ಕೊಳ್ಳಿ ಸಾರ್, ಬಿಚ್ಚಿದ್ದೀನಿ! ನಾಳೆನೂ ಬಿಚ್ತೀನಿ!"

ಅವರು ಏನು ತಾನೇ ಮಾಡಿಯಾರು? ಯಂತ್ರಕ್ಕೆ ವಂದನೆ ಆಗಿಲ್ಲ.

ಮೇಡಂ ಕೈಯ ಎಣ್ಣೆಯನ್ನು ಬಿಳಿ ಸೆರಗಿಗೇ ಒರೆಸಿಕೊಂಡರು. ಡಬ್ಬಿಯ ಮುಚ್ಚಳ ತೆಗೆದರು. ಬಿಸಿ ಅವಲಕ್ಕಿಯ ಮೇಲೆ ಕಾಯಿತುರಿ ಉದುರಿಸಿದ ಪರಿಮಳ ಗ್ರೀಸಿನ ವಾಸನೆಯ ನಡುವೆ ಬಂತು. ನನ್ನ ಮಂಡಿಯ ಒಣಗಿದ ರಕ್ತದ ಕಡೆ ಒಂದು ಕ್ಷಣ ನೋಡಿದರು. ಆಮೇಲೆ ನನಗೆ ಬೆನ್ನು ಮಾಡಿ, ಯಂತ್ರದ ಹತ್ತಿರ ಬಗ್ಗಿ, ಕಾರ್ಯದರ್ಶಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದರು.

"ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀಯಾ? ಗಾಯ ನೋಯ್ತಿದೆಯಾ?"

ಯಂತ್ರದ ಬಗ್ಗೆ ಕೇಳುವುದಕ್ಕೆ ಅಡ್ಡಿಯಿಲ್ಲ. ಯಂತ್ರದ ಪರವಾಗಿ ಉತ್ತರ ಕೊಡಲು ಈ ಸೀಮೆಯಲ್ಲಿ ನನಗಿಂತ ಹಕ್ಕುದಾರ ಯಾರಿದ್ದಾನೆ?

"ಇಲ್ಲ ಮೇಡಂ, ತಿಂದಿಲ್ಲ," ಅಂದೆ. "ನೋಯ್ತಿದೆ."